ಶೆಟ್ಟಿಕೆರೆ ತಿರುವು – ಕಂತು ೭: ಡಿಸ್ಕಿನ ಮೇಲಿನ ಬಿಳಿ ಕಲೆ

ಬ್ರೇಕ್ ಲಿವರ್ ಕಲ್ಲಿನಷ್ಟು ಗಟ್ಟಿಯಾಗಿತ್ತು.

ತೋಂಟದಾರ್ಯರು ಮತ್ತೊಮ್ಮೆ ಹಿಂಡಿ ನೋಡಿದರು. ಬೆರಳಿಗೆ ಚೂರೂ ಸಡಿಲ ಸಿಗಲಿಲ್ಲ. ಠಾಣೆಯ ಹಿತ್ತಿಲಲ್ಲಿ ಟಾರ್ಪಾಲು ಸರಿಸಿ ನಿಲ್ಲಿಸಿದ್ದ ಆ ಕೆಂಪು ಸ್ಪೋರ್ಟ್ಸ್ ಬೈಕಿನ ಮೂತಿ ಒಡೆದು ಚೂರಾಗಿತ್ತು, ಒಂದು ಕಡೆಯ ಹ್ಯಾಂಡಲ್ ಒಳಕ್ಕೆ ಮಡಚಿಕೊಂಡಿತ್ತು. ಬ್ರೇಕ್ ಮಾತ್ರ ಹೊಸ ಗಾಡಿಯದರಂತೆ ನೆಟ್ಟಗಿತ್ತು.

"ಏನಾಗಿದೆ ಸರ್?" ಸಬ್ ಇನ್ಸ್‌ಪೆಕ್ಟರ್ ಶಿಲ್ಪ ಬಗ್ಗಿ ನೋಡಿದಳು.

"ಏನೂ ಆಗಿಲ್ಲ ಮೇಡಂ. ಅದೇ ನನ್ನ ತಲೆ ತಿಂತಿರೋದು."

ಸೋಮವಾರ ಬೆಳಿಗ್ಗೆ ಊರಿನ ಹುಡುಗ ಭುವನ್ ಇದೇ ಗಾಡಿಯಲ್ಲಿ ಶೆಟ್ಟಿಕೆರೆ ತಿರುವಿನ ತೆಂಗಿನ ಮರಕ್ಕೆ ಗುದ್ದಿದ್ದ. ತುಮಕೂರಿನ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅದರ ಹಿಂದಿನ ದಿನ ಬ್ರೇಕ್ ಬದಲಿಸಿಕೊಟ್ಟಿದ್ದ ಮೆಕ್ಯಾನಿಕ್ ರಾಜಣ್ಣ ಈಗ ಇದೇ ಠಾಣೆಯ ಲಾಕಪ್ಪಿನಲ್ಲಿದ್ದ.

"ದೂರಿನಲ್ಲಿ ಏನಂತ ಇದೆ, ಇನ್ನೊಂದ್ಸಲ ಹೇಳಿ."

"ರಾಜಣ್ಣ ಬೇಕೂಂತಲೇ ಬ್ರೇಕಿನ ಪೈಪು ಸಡಿಲ ಬಿಟ್ಟ, ಎಣ್ಣೆ ಸೋರಿಹೋಯ್ತು, ಬ್ರೇಕ್ ಹಿಡೀಲಿಲ್ಲ ಅಂತ. ದೂರು ಕೊಟ್ಟಿರೋದು ಹುಡುಗನ ಚಿಕ್ಕಪ್ಪ ದಯಾನಂದ್. ಹಿಂದಿನ ವಾರ ರಾಜಣ್ಣ ಅಂಗಡಿ ಮುಂದೆ ನಾಲ್ಕು ಜನರ ಎದುರಿಗೆ 'ಇದ್ರಲ್ಲೇ ಸಾಯ್ತೀಯ ಕಣ್ಲಾ' ಅಂತ ಭುವನ್‌ಗೆ ಕೂಗಾಡಿದ್ನಂತೆ."

"ಕೈಗವಸು ಹಾಕದೆ ಗಾಡಿ ತಂದಿದ್ದಕ್ಕೆ ಬೈದಿದ್ದು ಅದು. ನಾನೂ ಹಂಗೇ ಬೈತಿದ್ದೆ. ನನ್ನನ್ನೂ ಒಳಗೆ ಹಾಕಿ."

ಶಿಲ್ಪ ನಗಲಿಲ್ಲ. "ಸಂಜೆಯೊಳಗೆ ಅವನನ್ನ ಕೋರ್ಟಿಗೆ ಹಾಜರುಪಡಿಸ್ಬೇಕು ಸರ್. ಕೊಲೆ ಯತ್ನ ಅಂತ ಬರೆದ್ರೆ ಸದ್ಯಕ್ಕೆ ಆಚೆ ಬರಲ್ಲ. ಆಗಲೇ ಅವನ ಅಂಗಡಿ ಷಟರ್ ಮುರಿದಿದ್ದಾರೆ. ಆ ಹುಡುಗನಿಗೇನಾದ್ರೂ ಹೆಚ್ಚು ಕಮ್ಮಿಯಾದ್ರೆ ರಾಜಣ್ಣನ ಮನೆಯನ್ನೂ ಬಿಡಲ್ಲ. ನಿಮ್ಮ ಮಾತಿನ ಮೇಲೆ ನಂಬಿಕೆ ಇದೆ, ಆದ್ರೆ ನಂಬಿಕೆಯನ್ನ ಕೋರ್ಟಲ್ಲಿ ಇಡೋಕಾಗಲ್ಲ. ಕೈಗೆ ಸಿಗೋ ಅಂಥದ್ದು ಏನಾದ್ರೂ ಕೊಡಿ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಪೈಪು ಸಡಿಲವಂತೆ, ಎಣ್ಣೆ ಸೋರಿತಂತೆ! ತೋಂಟದಾರ್ಯರಿಗೆ ಮೈಯೆಲ್ಲ ಉರಿಯಿತು. ಸರ್ಕಾರಿ ಕಾಗದದಲ್ಲಿ ಮೋಟಾರು ವಾಹನ ನಿರೀಕ್ಷಕ ಎಂದಿದ್ದರೂ ಊರಿನವರ ಬಾಯಲ್ಲಿ ಆ ಹುದ್ದೆಗೆ ಬ್ರೇಕ್ ಇನ್ಸ್‌ಪೆಕ್ಟರ್ ಎಂದೇ ಹೆಸರು. ಅವರು ನಿವೃತ್ತರಾದರೂ ಹೆಸರು ನಿವೃತ್ತವಾಗಿರಲಿಲ್ಲ. ಬ್ರೇಕಿನ ವಿಷಯಕ್ಕೆ ಯಾರಾದರೂ ಸುಳ್ಳು ಹೇಳಿದರೆ ಅವರಿಗೆ ಮನೆಯವರನ್ನು ಬೈದಷ್ಟು ಕೋಪ ಬರುತ್ತಿತ್ತು.

"ಲಿಖಿತಾ, ಟಾರ್ಚ್ ಈ ಕಡೆ ಹಿಡಿ."

ಮಗಳು ಲಿಖಿತಾ ಅವರ ಭುಜದ ಮೇಲಿಂದ ಬೆಳಕು ಬಿಟ್ಟಳು. ತಿಪಟೂರಿನ ಬೈಕ್ ಶೋರೂಮಿನಲ್ಲಿ ಸರ್ವಿಸ್ ವಿಭಾಗ ನೋಡಿಕೊಳ್ಳುವವಳು. ಅಪ್ಪನ ಮಂಡಿ ನೋವು ಎಂದು ಇವತ್ತು ರಜೆ ಹಾಕಿ ತಾನೇ ಕಾರು ಓಡಿಸಿಕೊಂಡು ಬಂದಿದ್ದಳು. ಗಾಡಿಯ ಬ್ರೇಕ್ ಬಿಚ್ಚಿ ಜೋಡಿಸುವುದನ್ನು ಹೈಸ್ಕೂಲಿನಲ್ಲಿದ್ದಾಗಲೇ ಅವಳಿಗೆ ಕಲಿಸಿದವರು ತೋಂಟದಾರ್ಯರೇ. ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಎಂದ ನೆಂಟರಿಗೆಲ್ಲ ಅವರು ಎದೆ ಉಬ್ಬಿಸಿ ಉತ್ತರ ಕೊಟ್ಟಿದ್ದರು.

ಬ್ರೇಕ್ ಆಯಿಲ್ ಗುರುತಿನ ಮಟ್ಟಕ್ಕೇ ಇತ್ತು. ಪೈಪಿನ ಎರಡು ತುದಿಯೂ ಬಿಗಿ. ಅವರು ಸ್ಪ್ಯಾನರ್ ಹಾಕಿ ಮುಂದಿನ ಚಕ್ರದ ಪ್ಯಾಡ್‌ಗಳನ್ನು ಬಿಚ್ಚಿದರು. ಹೊಸ ಪ್ಯಾಡ್ ಒರಟಾಗಿ, ಬೂದು ಬಣ್ಣದಲ್ಲಿರಬೇಕು. ಇವು ಕಪ್ಪಗೆ ಹೊಳೆಯುತ್ತಿದ್ದವು. ಮೂಗಿನ ಹತ್ತಿರ ತಂದರು. ಸೀದ ವಾಸನೆ. ಯಂತ್ರದ ಎಣ್ಣೆಯ ವಾಸನೆಯಲ್ಲ, ಅಡಿಗೆಮನೆಯ ಬಾಣಲೆ ಸೀದಾಗ ಬರುವಂಥದ್ದು.

"ಇಲ್ಲಿ ನೋಡಿ." ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆಯನ್ನು, ಡಿಸ್ಕನ್ನು, ಅವರು ತೋರಿಸಿದರು. ಪ್ಯಾಡ್ ಇದನ್ನು ಕಚ್ಚಿ ಹಿಡಿದರೆ ಗಾಡಿ ನಿಲ್ಲಬೇಕು. ಅದರ ಸಣ್ಣ ತೂತುಗಳಲ್ಲಿ ಅಲ್ಲಲ್ಲಿ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು.

"ಮೇಣ?" ಎಂದಳು ಶಿಲ್ಪ.

"ಗ್ರೀಸ್ ಇರ್ಬೇಕು ಬಿಡಪ್ಪ," ಎಂದಳು ಲಿಖಿತಾ.

ತೋಂಟದಾರ್ಯರು ಉಗುರಿನಿಂದ ಅದನ್ನು ಕೆರೆದು ಎರಡು ಬೆರಳ ನಡುವೆ ಉಜ್ಜಿದರು. ಧನುರ್ಮಾಸದ ಚಳಿ, ಬಚ್ಚಲುಮನೆಯ ಬಾಟಲಿಗಳಲ್ಲಿ ಎಣ್ಣೆ ಹೆಪ್ಪುಗಟ್ಟುವ ಕಾಲ. ಬೆರಳ ಶಾಖಕ್ಕೆ ಆ ಬಿಳಿ ಕರಗಿ ನೀರಾಯಿತು. ಈ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಆ ವಾಸನೆಯನ್ನು ಎರಡನೆಯ ಸಲ ಮೂಸಿ ನೋಡುವ ಅಗತ್ಯವಿಲ್ಲ.

"ಕೊಬ್ಬರಿ ಎಣ್ಣೆ," ಎಂದರು ಅವರು.

ಶಿಲ್ಪ ಚಕ್ಕನೆ ನೆಟ್ಟಗಾದಳು. "ಬ್ರೇಕಿಗೆ ಕೊಬ್ಬರಿ ಎಣ್ಣೆ ಯಾಕೆ ಬಂತು?"

"ಅದನ್ನೇ ಕೇಳ್ಬೇಕು. ಬ್ರೇಕ್ ಕೆಲಸ ಮಾಡಿದೆ ಮೇಡಂ. ಪ್ಯಾಡು ಬಂದು ಡಿಸ್ಕನ್ನ ಒತ್ತಿದೆ. ಆದ್ರೆ ಹಿಡಿದಿದ್ದು ಉಕ್ಕನ್ನಲ್ಲ, ಎಣ್ಣೇನ. ಜಾರಿಬಿಟ್ಟಿದೆ."

"ದಯಾನಂದ್ ಅವರ ಕೊಬ್ಬರಿ ಮಂಡಿ ಹಿಂದೆ ಎಣ್ಣೆ ಗಾಣ ಇದೆಯಲ್ಲ ಸರ್? ಅಣ್ಣನ ಮಗ ಬೈಕ್ ತಗೊಳ್ಳೋಕೇ ಅವ್ರು ಒಪ್ಪಿರ್ಲಿಲ್ಲ. ಈಗ ರಾಜಣ್ಣನ ಮೇಲೆ ಬೊಟ್ಟು ಮಾಡ್ತಿರೋದೂ ಅವ್ರೇ."

"ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸಿರಬಹುದು. ಆದ್ರೆ ಕೊಬ್ಬರಿ ಎಣ್ಣೆ ಇಟ್ಕೊಂಡಿದ್ದಾರೆ ಅಂತ ಹಿಡಿಯೋಕೆ ಹೊರಟ್ರೆ ಮೂರು ತಾಲ್ಲೂಕಿನ ಜನಾನೂ ಜೀಪಿಗೆ ತುಂಬಬೇಕಾಗುತ್ತೆ. ಮೊದಲು ರಾಜಣ್ಣನ್ನ ಕೇಳೋಣ."

ಲಿಖಿತಾ ಟಾರ್ಚ್ ಆರಿಸಿದಳು. "ನಾನು ಕಾರಲ್ಲಿ ಇರ್ತೀನಿ. ಲಾಕಪ್ಪು ಗಿಕಪ್ಪು ನಂಗಾಗಲ್ಲ."

ರಾಜಣ್ಣ ಗೋಡೆಗೆ ಒರಗಿ ಕುಳಿತಿದ್ದ. ಅಂಗಡಿಗೆ ನುಗ್ಗಿದವರು ಕೊಟ್ಟ ಏಟಿಗೆ ತುಟಿ ಊದಿತ್ತು. ತೋಂಟದಾರ್ಯರನ್ನು ಕಂಡದ್ದೇ ಎದ್ದು ಸರಳು ಹಿಡಿದುಕೊಂಡ.

"ಇನ್ಸ್‌ಪೆಟ್ರೇ, ಹುಡುಗ ಹೆಂಗವ್ನೆ?"

ಮೊದಲ ಮಾತೇ ಇದು. ತೋಂಟದಾರ್ಯರು ಸರಳಿನ ಹತ್ತಿರ ಸರಿದರು. "ಹಂಗೇ ಅವ್ನೆ ಕಣಯ್ಯ. ಹೆಲ್ಮೆಟ್ ತಲೆ ಉಳಿಸೈತೆ. ನೀನು ಹೇಳು, ಪ್ಯಾಡ್ ಹಾಕ್ದಾಗ ಡಿಸ್ಕ್ ಹೆಂಗಿತ್ತು?"

"ಕನ್ನಡಿ ಇದ್ದಂಗಿತ್ತು ಸಾ. ಸ್ಪ್ರೇ ಹೊಡ್ದು, ಹೊಸ ಬಟ್ಟೇಲಿ ಒರ್ಸಿ, ಆಮೇಲೆ ಬೆರಳು ಸೈತ ಸೋಕಿಸ್ನಿಲ್ಲ. ಕೈಗಿರೋ ಜಿಡ್ಡು ತಗುಲುದ್ರೂ ಬ್ರೇಕ್ ಕೆಡ್ತದೆ ಅಂತ ನೀವೇ ಬೈತಿದ್ರಲ್ಲ."

"ನಿನ್ನ ಅಂಗಡೀಲಿ ಕೊಬ್ಬರಿ ಎಣ್ಣೆ ಐತಾ?"

"ಕೊಬ್ರಿ ಎಣ್ಣೆನಾ?" ರಾಜಣ್ಣ ಕಣ್ಣು ಪಿಳಿಪಿಳಿ ಬಿಟ್ಟ. "ತಲೇಗ್ ಹಾಕಕ್ಕೂ ಇಲ್ಲ, ಹಾಕಕ್ ಕೂದ್ಲೂ ಇಲ್ಲ. ಗಾಡಿ ಭಾನುವಾರ ಸಂಜೇನೇ ಅವ್ರ್ ಮನೇಲಿ ನಿಲ್ಸಿ ಬಂದೆ ಸಾ. ಆಮೇಲೇನಾಯ್ತೋ ನಂಗೊತ್ತಿಲ್ಲ, ನನ್ನಾಣೆ."

ಹೊರಡುವಾಗ ಅವನು ದನಿ ತಗ್ಗಿಸಿ ಕೇಳಿದ: "ಲಿಖಿತವ್ವ ಬಂದವ್ರಾ ಸಾ?"

"ಕಾರಲ್ಲವ್ಳೆ. ಯಾಕೆ?"

"ಏನಿಲ್ಲ ಬುಡಿ," ಎಂದು ಅವನು ಮತ್ತೆ ಗೋಡೆಗೆ ಒರಗಿದ.

ಶೆಟ್ಟಿಕೆರೆ ದಾರಿಯ ಎರಡೂ ಕಡೆ ತೆಂಗಿನ ತೋಟಗಳು. ಮುಂದೆ ಶಿಲ್ಪಳ ಜೀಪು, ಹಿಂದೆ ಇವರ ಕಾರು. ಲಿಖಿತಾ ಎರಡು ಕೈಯಲ್ಲೂ ಸ್ಟೇರಿಂಗ್ ಹಿಡಿದು ರಸ್ತೆಯನ್ನೇ ನೋಡುತ್ತಿದ್ದಳು.

ತಿರುವು ಬಂದಾಗ ತೋಂಟದಾರ್ಯರು ನಿಲ್ಲಿಸಲು ಹೇಳಿ ಇಳಿದರು. ಇಳಿಜಾರು ಮುಗಿದು ರಸ್ತೆ ಎಡಕ್ಕೆ ಹೊರಳುವ ಜಾಗ. ಡಾಂಬರಿನ ಮೇಲೆ ಜಾರಿದ ಗುರುತು ಇರಲಿಲ್ಲ. ಹೊರಳುವ ಬದಲು ಗಾಡಿ ನೇರ ಹೋಗಿತ್ತು. ಮರದ ತೊಗಟೆ ಸೊಂಟದೆತ್ತರದಲ್ಲಿ ಕಿತ್ತುಬಂದಿತ್ತು, ಅದರ ಬುಡದಲ್ಲಿ ಯಾರೋ ಅರಿಶಿನ ಕುಂಕುಮ ಹಾಕಿ ಹೋಗಿದ್ದರು.

"ವೇಗ ಜಾಸ್ತಿ ಇತ್ತೇನೋ ಅಪ್ಪ," ಎಂದಳು ಲಿಖಿತಾ, ಕಾರಿನಿಂದಲೇ.

"ಅವನಾ?" ತೋಂಟದಾರ್ಯರು ತಲೆಯಾಡಿಸಿದರು.

ಬೈಕ್ ಕೊಳ್ಳುವ ಮುಂಚೆ ಭುವನ್ ಅವರ ಮನೆ ಜಗಲಿಗೆ ಬಂದು ಒಂದು ವಾರ ತಲೆ ತಿಂದಿದ್ದ. ಅವನ ಗೆಳೆಯರೆಲ್ಲ ಸಾವಿರ ಸಿಸಿಯ ಲೀಟರ್ ಎಂಜಿನ್ನಿನ ಕನಸು ಕಾಣುವವರು. ತೋಂಟದಾರ್ಯರು ಅವನನ್ನು ಶೋರೂಮಿಗೆ ಕರೆದುಕೊಂಡು ಹೋಗಿ ಒಂದೊಂದರ ಮೇಲೂ ಕೂರಿಸಿದ್ದರು. "ಕೂತಾಗ ಎರಡು ಪಾದಾನೂ ನೆಲಕ್ಕೆ ಊರ್ಬೇಕು. ಗಾಡಿ ನಿನ್ನ ಅಳತೇಗೆ ಇರ್ಬೇಕು, ನಿನ್ನ ಜಂಬದ ಅಳತೇಗಲ್ಲ," ಎಂದಿದ್ದರು. ಹುಡುಗ ಮರುಮಾತಾಡದೆ ಮುನ್ನೂರು ಸಿಸಿಯದಕ್ಕೆ ಒಪ್ಪಿದ. ಗಾಡಿಗಿಂತ ಮುಂಚೆ ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಕೊಂಡ.

ಆಮೇಲೂ ಅಷ್ಟೇ. ಊರ ಹುಡುಗರು ಕಿವಿ ಹರಿಯುವ ಸೈಲೆನ್ಸರ್ ಹಾಕಿಸಿಕೊಂಡರೆ ಇವನು ಮೊದಲು ಒಳ್ಳೆಯ ಟೈರು ಹಾಕಿಸಿದ, ಆಮೇಲೆ ಬ್ರೇಕಿಗೆ ಉಕ್ಕಿನ ಹೆಣಿಗೆಯ ಪೈಪು, ಒಳ್ಳೆಯ ಪ್ಯಾಡು. ಓಡುವ ಶಕ್ತಿ ಹೆಚ್ಚಿಸುವ ಮುಂಚೆ ನಿಲ್ಲುವ ಶಕ್ತಿ ಹೆಚ್ಚಿಸು ಎಂದು ತೋಂಟದಾರ್ಯರು ಹೇಳಿದ ಮಾತನ್ನು ಅವನು ಮಂತ್ರದ ಹಾಗೆ ಪಾಲಿಸಿದ್ದ. ತಿರುವಿಗೆ ಮುಂಚೆಯೇ, ಗಾಡಿ ನೆಟ್ಟಗಿರುವಾಗಲೇ, ಮುಂದಿನ ಬ್ರೇಕ್ ಹಿಡಿದು ವೇಗ ಇಳಿಸುವುದು ಅವನ ಅಭ್ಯಾಸ. ಮುಂದಿನ ಬ್ರೇಕು ದೇವರು, ಹಿಂದಿನದು ಪೂಜಾರಿ. ಪೂಜಾರಿಯನ್ನು ನಂಬಿಕೊಂಡು ತಿರುವಿಗೆ ಹೋಗಬೇಡ ಎಂದು ಅವರೇ ನಗಿಸಿ ಕಲಿಸಿದ್ದರು.

ಇಲ್ಲಿಯೂ ಹಾಗೇ ಹಿಡಿದಿದ್ದಾನೆ. ದೇವರೇ ಕೈ ಬಿಟ್ಟಿದ್ದಾನೆ. ಆ ಕ್ಷಣ ಆ ಹುಡುಗನ ಎದೆ ಹೇಗೆ ಹೊಡೆದುಕೊಂಡಿತೋ ಎಂದು ನೆನೆದು ತೋಂಟದಾರ್ಯರು ಕಾರಿನ ಕಡೆ ತಿರುಗಿದರು.

"ನಡಿ, ಅವರ ಮನೆಗೆ ಹೋಗೋಣ."

"ಈಗ್ಲೇನಾ? ಭುವನ್ ಅಮ್ಮ ಇರೋ ಸ್ಥಿತೀಲಿ..."

"ಗಾಡಿ ರಾತ್ರಿಯೆಲ್ಲ ಇದ್ದಿದ್ದು ಅಲ್ಲೇ ಅಲ್ವಾ?"

ಲಿಖಿತಾ ಗೇರ್ ಹಾಕಿದಳು.

ಸುವರ್ಣಮ್ಮ ಬಾಗಿಲಲ್ಲೇ ಸಿಕ್ಕರು. ಗಂಡ ಶಂಭುಲಿಂಗಯ್ಯ ಆಸ್ಪತ್ರೆಯಲ್ಲಿ ಮಗನ ಹತ್ತಿರ ಉಳಿದಿದ್ದರು. ಆಕೆ ಮಡಿಬಟ್ಟೆ ತೆಗೆದುಕೊಂಡು, ದೇವರಿಗೆ ದೀಪ ಹಚ್ಚಿ, ಮಧ್ಯಾಹ್ನದ ಬಸ್ಸಿಗೆ ಮತ್ತೆ ಹೊರಡಲು ಬಂದಿದ್ದರು. ಹಣೆಯ ವಿಭೂತಿ ಕಣ್ಣೀರಿಗೆ ಕಲಸಿಹೋಗಿತ್ತು.

"ಬನ್ನಿ ಅಣ್ಣಾರೆ. ಮಗಾ, ನೀನೂ ಬಂದ್ಯಾ? ಬಾ ಒಳೀಕೆ." ಲಿಖಿತಾಳ ಕೆನ್ನೆ ಸವರಿ, ಪೊಲೀಸಿನವಳನ್ನು ಕಂಡು ದನಿ ಗಟ್ಟಿ ಮಾಡಿಕೊಂಡರು. "ಆ ರಾಜಣ್ಣನ್ನ ಬುಡಬ್ಯಾಡ್ರವ್ವಾ. ಮನೇಲಿ ಉಂಡು ಹೋಗ್ತಿದ್ದ. ಉಂಡ ಮನೆ ಜಂತೆ ಎಣಿಸ್ಬುಟ್ಟ."

ತೋಂಟದಾರ್ಯರು ಜಗಲಿಯ ಅಂಚಿಗೆ ಕುಳಿತರು. ಅಂಗಳದ ಒಂದು ಮೂಲೆಯಲ್ಲಿ ಕಾಯಿ ಸುಲಿಯುವ ಗೂಟ ನೆಟ್ಟಿತ್ತು. ಅದರ ಮೊನೆ ಎಣ್ಣೆ ಸವರಿಸಿಕೊಂಡು ಮಿರಮಿರ ಮಿಂಚುತ್ತಿತ್ತು. ಗೋಡೆಗೆ ಒರಗಿಸಿದ ಮಚ್ಚು, ಗುದ್ದಲಿ, ಬಾಗಿಲ ಚಿಲಕ, ಎಲ್ಲವೂ ಹಾಗೇ. ಅವರು ಒಂದೊಂದನ್ನೂ ನೋಡುತ್ತ ಹೋದರು.

ಈ ಸೀಮೆಯ ಮನೆಗಳ ಪದ್ಧತಿ ಅವರಿಗೆ ಗೊತ್ತಿಲ್ಲದ್ದೇ? ಸೋಮವಾರ ಬಂತೆಂದರೆ ಮನೆಯ ಕಬ್ಬಿಣಕ್ಕೆಲ್ಲ ಎಣ್ಣೆ ಕೈ. ತುಕ್ಕು ಹಿಡಿಯಬಾರದು, ಜೊತೆಗೆ ದುಡಿಯುವ ಸಾಮಾನಿಗೆ ಅದು ಮರ್ಯಾದೆ. ಅವರ ಅವ್ವನೂ ಮಾಡುತ್ತಿದ್ದಳು. ಹೊಲಿಗೆ ಯಂತ್ರದಿಂದ ಹಿಡಿದು ಸೈಕಲ್ಲಿನವರೆಗೆ ಯಾವುದನ್ನೂ ಬಿಡುತ್ತಿರಲಿಲ್ಲ.

"ತಾಯಿ," ಎಂದರು ಅವರು ಮೆಲ್ಲಗೆ. "ಸೋಮವಾರ ಬೆಳಿಗ್ಗೆ ಗಾಡಿಗೆ ಪೂಜೆ ಮಾಡಿದ್ರಾ?"

"ಮಾಡ್ದೆ ಬುಡ್ತೀನಾ? ಹೊಸ ಸಾಮಾನು ಹಾಕ್ಸವ್ನೆ, ದೃಷ್ಟಿ ಆಗ್ಬಾರ್ದಲ್ಲ. ನಿಂಬೆಹಣ್ಣಿಟ್ಟು, ಊದುಬತ್ತಿ ಬೆಳಗಿ, ಎಣ್ಣೆ ಕೈ ಆಡಿಸ್ದೆ."

ಶಿಲ್ಪ ತಲೆಯೆತ್ತಿದಳು. ತೋಂಟದಾರ್ಯರು ಕಣ್ಣಿನಲ್ಲೇ ಅವಳನ್ನು ತಡೆದರು.

"ಎಲ್ಲೆಲ್ಲಿಗೆ ಆಡಿಸಿದ್ರಿ?"

"ಟ್ಯಾಂಕು, ಕರೀ ಪ್ಲಾಸ್ಟಿಕ್ಕು, ಚಕ್ರದಾಗಿರೋ ಆ ತೂತುತೂತಿನ ತಟ್ಟೆ. ಎಣ್ಣೆ ಹೆಪ್ಪಾಗಿತ್ತು, ಬೆರಳಲ್ಲೇ ಗೋರಿ ಬಟ್ಟೇಗೆ ಮೆತ್ತಿ ಉಜ್ದೆ. ಕನ್ನಡಿ ಆದಂಗೆ ಆಯ್ತು ಅಣ್ಣಾರೆ." ಹೇಳುತ್ತ ಆಕೆಯ ಮುಖ ಒಂದು ಗಳಿಗೆ ಅರಳಿತು. "ಭುವನ್ ಸ್ನಾನ ಮಾಡ್ಕೊಂಡು ಬಂದೋನು ನೋಡ್ಲೂ ಇಲ್ಲ. ರಾಜಣ್ಣ ಬಂದು ಮೊದ್ಲು ತಾನು ಓಡಿಸಿ ಪಳಗಿಸಿ ಕೊಡ್ತೀನಿ, ಅಲ್ಲೀಗಂಟ ಮುಟ್ಬ್ಯಾಡ ಅಂದಿದ್ನಂತೆ. ಅವ್ನು ಬರೋದು ತಡ ಆಯ್ತು. ಇವ್ನು ತಡೀಲಿಲ್ಲ. ಮೆತ್ತಗೆ ಹೋಗ್ಬತ್ತೀನಿ ಕಣವ್ವಾ ಅಂದ."

"ಒರೆಸಿದ ಬಟ್ಟೆ ಎಲ್ಲಿದೆ?"

"ಬಚ್ಚಲ ಹಿಂದ್ಲ ಗೂಡಿನಾಗೆ ತುರುಕಿವ್ನಿ. ಯಾಕೆ?"

ಶಿಲ್ಪಳ ಕಣ್ಣು ಹೊಳೆಯಿತು. ಕೈಗೆ ಸಿಗುವಂಥದ್ದು. ಹೊಸ ಪ್ಯಾಡಿನ ಪುಡಿ, ಎಣ್ಣೆ, ಎರಡೂ ಆ ಬಟ್ಟೆಯಲ್ಲಿದ್ದರೆ ರಾಜಣ್ಣ ಸಂಜೆಗೆ ಮನೆಯಲ್ಲಿರುತ್ತಾನೆ.

"ಲಿಖಿತಾ, ಹೋಗಿ ತಗೊಂಡ್ಬಾರಮ್ಮ," ಎಂದರು ತೋಂಟದಾರ್ಯರು. ಲಿಖಿತಾ ಆಗಲೇ ಎದ್ದು ಹಿತ್ತಿಲ ಬಾಗಿಲ ಕಡೆ ನಡೆದಿದ್ದಳು.

ಸುವರ್ಣಮ್ಮ ಅವರ ಮುಖವನ್ನೂ ಶಿಲ್ಪಳ ಮುಖವನ್ನೂ ನೋಡಿದರು. "ಯಾಕಣ್ಣಾರೆ? ಆ ಬಟ್ಟೆ ಯಾಕೆ?"

ಎಷ್ಟೋ ಲಾರಿ ಮಾಲೀಕರ ಮುಖಕ್ಕೆ ಹೊಡೆದಂತೆ ಮಾತಾಡಿದ ಮನುಷ್ಯ, ಈಗ ಒಂದು ಮಾತಿಗೆ ತಡವರಿಸಿದರು. ಹೇಳದೆ ಬೇರೆ ದಾರಿಯಿರಲಿಲ್ಲ. ಹೇಳಿದರೆ ಈ ತಾಯಿ ಉಳಿದ ಆಯುಷ್ಯವೆಲ್ಲ ತನ್ನ ಕೈಯನ್ನೇ ನೋಡಿಕೊಂಡು ಬದುಕಬೇಕು. ಅತ್ತ ಲಾಕಪ್ಪಿನಲ್ಲೊಬ್ಬ ಬಡಪಾಯಿ ಸರಳು ಹಿಡಿದು ನಿಂತಿದ್ದ.

"ಆ ತಟ್ಟೆ ಒಣಗಿದ್ರೆ ಮಾತ್ರ ಬ್ರೇಕ್ ಹಿಡಿಯುತ್ತೆ ತಾಯಿ. ಅದಕ್ಕೆ ಎಣ್ಣೆ ಸೋಕಬಾರ್ದು."

ಆಕೆಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಆಮೇಲೆ ಎರಡೂ ಅಂಗೈಯನ್ನು ಮುಂದೆ ಚಾಚಿ ನೋಡಿಕೊಂಡರು.

"ನಾನಾ?" ಎಂದರು. "ನನ್ನ ಕೈಯಾರೆ ನಾನೇನಾ?"

"ಗೊತ್ತಿಲ್ದೆ ಆಗಿದ್ದು ಅಮ್ಮಾ," ಎಂದು ಶಿಲ್ಪ ಹತ್ತಿರ ಬಂದಳು. ಸುವರ್ಣಮ್ಮ ಅವಳ ಕೈ ತಳ್ಳಿ ಹೊಸ್ತಿಲ ಮೇಲೆ ಕುಸಿದರು. ಅಳು ಬರಲಿಲ್ಲ. ಸೆರಗಿನಿಂದ ಅಂಗೈಯನ್ನು ಉಜ್ಜಿದರು, ಮತ್ತೆ ಉಜ್ಜಿದರು, ಚರ್ಮ ಕೆಂಪಾಗುವವರೆಗೆ ಉಜ್ಜಿದರು. ತೋಂಟದಾರ್ಯರು ಅದನ್ನು ನೋಡಲಾರದೆ ಆಕೆಯ ಮಣಿಕಟ್ಟು ಹಿಡಿದರು.

ಹಿಡಿದಾಗಲೇ ಅವರಿಗೆ ಒಂದು ಮಾತು ಹೊಳೆಯಿತು. ಅದು ಇಷ್ಟು ಹೊತ್ತು ಯಾಕೆ ಹೊಳೆಯಲಿಲ್ಲವೋ.

"ತಾಯಿ, ಗಾಡಿ ಬಂದು ಎರಡು ವರ್ಷ ಆಗ್ತಾ ಬಂತು. ಸೋಮವಾರ ಸೋಮವಾರ ಒರೆಸ್ತೀರಿ. ಆ ತಟ್ಟೆಗೆ ಇದಕ್ಕೆ ಮುಂಚೆ ಯಾವತ್ತಾದ್ರೂ ಎಣ್ಣೆ ಹಚ್ಚಿದ್ರಾ?"

"ಇಲ್ಲ. ಚಕ್ರದ ತಾವಕ್ಕೆ ಹೋಗ್ಬ್ಯಾಡ ಅಂತ ಭುವನ್ ಬೈತಿದ್ದ."

"ಮತ್ತೆ ಈ ಸಲ ಯಾಕೆ ಹಚ್ಚಿದ್ರಿ?"

ಸುವರ್ಣಮ್ಮ ತಲೆಯೆತ್ತಿದರು. ಕಣ್ಣಲ್ಲಿ ದುಃಖದ ಜೊತೆ ಈಗ ಸಿಟ್ಟೂ ಇತ್ತು.

"ನೀವೇ ಹೇಳಿ ಕಳ್ಸಿದ್ರಲ್ಲ ಅಣ್ಣಾರೆ! ಹೊಸ ಕೆಲಸ ಆಗೈತೆ, ಚಳೀಗೆ ತಟ್ಟೆ ತುಕ್ಕು ಹಿಡೀತದೆ, ಬೆಳಿಗ್ಗೆ ಪೂಜೆ ಹೊತ್ಗೆ ದಪ್ಪಗೆ ಎಣ್ಣೆ ಮೆತ್ತಿ, ಭುವನ್‌ಗೆ ಹೇಳ್ಬ್ಯಾಡಿ ನಗ್ತಾನೆ, ಅಂತ. ಬ್ರೇಕ್ ಇನ್ಸ್‌ಪೆಟ್ರು ಹೇಳವ್ರೆ ಅಂದ್ರೆ ನಾನು ಇಲ್ಲ ಅಂತೀನಾ?"

"ನಾನು ಯಾರ ಕೈಲೂ ಏನೂ ಹೇಳಿ ಕಳಿಸಿಲ್ಲ."

"ಭಾನುವಾರ ಸಂಜೆ ಬಂದು, ಇಲ್ಲೇ ಕೂತು ಕಾಪಿ ಕುಡ್ದು, ಅಪ್ಪ ಹೇಳಿದ್ರು ದೊಡ್ಡಮ್ಮ ಅಂದ್ಲು."

ಶಿಲ್ಪ ಸುವರ್ಣಮ್ಮನ ಕಡೆ ಬಗ್ಗಿದಳು. ಯಾರು ಎಂದು ಅವಳೂ ಕೇಳಲಿಲ್ಲ, ತೋಂಟದಾರ್ಯರೂ ಕೇಳಲಿಲ್ಲ. ಸುವರ್ಣಮ್ಮನ ಕಣ್ಣು ಹಿತ್ತಿಲ ಬಾಗಿಲ ಕಡೆ ತಿರುಗಿತ್ತು.

ಡಿಸ್ಕಿಗೆ ಎಣ್ಣೆ ಸೋಕಿದರೆ ಏನಾಗುತ್ತದೆಂದು ತಿಳಿಯದವಳು ಅವಳಲ್ಲ. ದಿನಕ್ಕೆ ಹತ್ತಾರು ಗಿರಾಕಿಗಳಿಗೆ ಅವಳೇ ಹೇಳುವ ಪಾಠ ಅದು. ಹಾಗಿದ್ದೂ ಬಿಳಿ ಕಲೆಯನ್ನು ನೋಡಿ ಗ್ರೀಸ್ ಎಂದದ್ದೇಕೆ? ತೋಂಟದಾರ್ಯರ ಕೈ ತಾನಾಗಿ ಎದೆಗೆ ಹೋಯಿತು. ನನ್ನ ಮಗಳು, ಎಂದುಕೊಂಡರು. ಬೇರೆ ಯಾರ ಮಗಳಾದರೂ ಆಗಿರಬಾರದಿತ್ತೇ ಎಂದು ಆ ಗಳಿಗೆಯಲ್ಲಿ ಅವರು ನಾಚಿಕೆಯಿಲ್ಲದೆ ಬೇಡಿಕೊಂಡರು.

ಆಗ ಬಚ್ಚಲ ಕಡೆಯಿಂದ ಸೀದ ಎಣ್ಣೆಯ ವಾಸನೆ ಬಂತು.

ಹಂಡೆ ಒಲೆಯ ಕೊಳವೆಯಿಂದ ಕಪ್ಪು ಹೊಗೆ ಏಳುತ್ತಿತ್ತು. ಸುವರ್ಣಮ್ಮ ಸ್ನಾನಕ್ಕೆಂದು ಹಾಕಿದ್ದ ತೆಂಗಿನ ಮಟ್ಟೆಯ ಬೆಂಕಿಗೆ ಅಂಥ ಹೊಗೆ ಬರುವುದಿಲ್ಲ. ಶಿಲ್ಪಳ ಕಣ್ಣು ಸುವರ್ಣಮ್ಮನ ಮೇಲಿತ್ತು, ಅವಳಿನ್ನೂ ಅದನ್ನು ಗಮನಿಸಿರಲಿಲ್ಲ. ತೋಂಟದಾರ್ಯರು ಸುಮ್ಮನಿದ್ದರೆ ಸಾಕಿತ್ತು. ಎರಡು ನಿಮಿಷ ಸುಮ್ಮನಿದ್ದರೆ ಬಟ್ಟೆ ಬೂದಿಯಾಗುತ್ತಿತ್ತು; ಮಗ ಉಳಿಯುತ್ತಾನೋ ಇಲ್ಲವೋ ಎಂಬ ಚಿಂತೆಯಲ್ಲಿ ಬುದ್ಧಿ ಕೆಟ್ಟ ತಾಯಿಯ ಮಾತೊಂದೇ ಉಳಿಯುತ್ತಿತ್ತು. ರಾಜಣ್ಣ ಸಂಜೆ ಜೈಲಿಗೆ ಹೋಗುತ್ತಿದ್ದ.

ಅವರು ಎದ್ದು ನಿಂತರು.

"ಮೇಡಂ," ಎಂದರು. ದನಿ ತಮ್ಮದೇ ಎಂದು ಅನ್ನಿಸಲಿಲ್ಲ. "ಒಲೆ. ಹಂಡೆ ಒಲೆ ನೋಡಿ, ಓಡಿ!"

ಶಿಲ್ಪ ಜಗಲಿಯಿಂದ ಹಾರಿ ಮನೆಯ ಪಕ್ಕದ ಸಂದಿಯಲ್ಲಿ ಓಡಿದಳು. ಕಬ್ಬಿಣದ ಸಲಾಕೆ ಒಲೆಗೆ ಬಡಿದ ಸದ್ದು, ನೀರು ಚೆಲ್ಲಿದ ಸದ್ದು, ಚುಯ್ಯೆಂದು ಹಬೆ ಎದ್ದ ಸದ್ದು ಕೇಳಿಸಿತು.

ಲಿಖಿತಾ ಹಿತ್ತಿಲ ಬಾಗಿಲಲ್ಲಿ ಬಂದು ನಿಂತಳು. ಕೈ ಖಾಲಿ ಇತ್ತು. ಮುಂಗೈಗೆ ಮಸಿ ಮೆತ್ತಿತ್ತು. ಅವಳು ಅಳುತ್ತಿರಲಿಲ್ಲ, ಓಡಿಹೋಗುವ ಆತುರವೂ ಅವಳಿಗಿದ್ದಂತೆ ಕಾಣಲಿಲ್ಲ.

"ನೀನು ಹೇಳೇ ಹೇಳ್ತೀಯ ಅಂತ ನಂಗೊತ್ತಿತ್ತಪ್ಪ," ಎಂದಳು.

"ಯಾಕೆ ಲಿಖಿತಾ?" ತೋಂಟದಾರ್ಯರಿಗೆ ಅಷ್ಟೇ ಸಾಧ್ಯವಾಯಿತು. "ಆ ಹುಡುಗ ನಿಂಗೇನು ಮಾಡಿದ್ದ?"

ಲಿಖಿತಾ ಹೊಸ್ತಿಲ ಮೇಲೆ ಕುಸಿದಿದ್ದ ಸುವರ್ಣಮ್ಮನನ್ನು ನೋಡಿದಳು. 

"ಭುವನ್ ಏನೂ ಮಾಡಿರ್ಲಿಲ್ಲ. ಸೋಮವಾರ ಬೆಳಿಗ್ಗೆ ಪಳಗಿಸೋಕೆ ಅಂತ ಆ ಗಾಡಿ ಹತ್ತಿ ಅದೇ ಇಳಿಜಾರಲ್ಲಿ ಹೋಗ್ಬೇಕಾಗಿದ್ದೋನು ರಾಜಣ್ಣ. ಬೆಳಿಗ್ಗೆಯಿಂದ ಬಿಡಿಸ್ಕೊಂಡು ಬರ್ತೀನಿ ಅಂತ ಒದ್ದಾಡ್ತಿದ್ದೀಯಲ್ಲ ಅಪ್ಪ, ಅವ್ನು ನಮ್ಮನೇಗೆ ಏನು ಮಾಡಿದ್ದಾನೆ ಅಂತ ಒಂದ್ಸಲ ಅವನನ್ನೇ ಕೇಳು. ಆಮೇಲೂ ನಿಂಗೆ ಬಿಡಿಸ್ಬೇಕು ಅನ್ಸಿದ್ರೆ, ಈ ಕೈಗೆ ಕೋಳ ಹಾಕ್ಸು."